ಟೂರ್ ಹೋಗೋಣ, ಮರ್ಯಾದೆ ಕಳೀಬೇಡಿ

ಟೂರ್ ಎಲ್ಲಿಗೆ ಅಂತ ನಿಮ್ಮನೇಲಿ ತೀರ್ಮಾನ ಮಾಡೋರು ಯಾರು? ‘ನಾನೇ’ ಅಂತ ಮೀಸೆ ತಿರುವಬೇಡಿ ಸಾರ್. (ಒಳಗಿಂದ ಯಾರೋ ನಕ್ಕ ಹಾಗಾಯ್ತು.) ಬೆಂಗಳೂರಿಂದ ರಂಗನತಿಟ್ಟಿಗೆ ಅಂತ ಹೊರಡ್ತೀರಿ, ಬಿಡದಿ ಹತ್ರ ವಂಡರ್‌ಲಾ ಬೋರ್ಡು ಕಾಣುತ್ತೆ, ಹಿಂದಿನ ಸೀಟಲ್ಲಿ ರಾಗ ಶುರು. ಕೊಕ್ಕರೆ ಪಾಡು ಕೊಕ್ಕರೆಗೆ!

ಅಮೆರಿಕದ ಕಾರ್ಟೂನ್ ಸೀರಿಯಲ್ ‘ದಿ ಸಿಂಪ್ಸನ್ಸ್’ನಲ್ಲಿ ಮಾರ್ಜ್ ಅಮ್ಮನ ಗತಿಯೂ ಇದೇ. ಆಕೆ ಆಸೆಪಟ್ಟಿದ್ದು ಹೈವೇ ಪಕ್ಕದ ಪಕ್ಷಿಧಾಮಕ್ಕೆ. ಮಕ್ಕಳು ಬಾರ್ಟ್, ಲೀಸಾ ಹಟ ಹಿಡಿದಿದ್ದು ‘ಇಚಿ ಅಂಡ್ ಸ್ಕ್ರ್ಯಾಚಿ ಲ್ಯಾಂಡ್’ಗೆ. ಇಲಿಯೊಂದು ಬೆಕ್ಕನ್ನ ಕೊಚ್ಚಿ ಹಾಕೋ ಕಾರ್ಟೂನಿನ ಹೆಸರಲ್ಲಿ ಕಟ್ಟಿದ ಥೀಮ್ ಪಾರ್ಕ್ ಅದು. ಈ ಕಂತು ಪ್ರಸಾರವಾಗಿದ್ದು 1994ರ ಅಕ್ಟೋಬರ್ 2ಕ್ಕೆ. (ಗಾಂಧಿ ಜಯಂತಿ! ಅವರಿಗೇನು ಗೊತ್ತು ಪಾಪ.)

ಬರೀ ಮಕ್ಕಳನ್ನ ಬೈಬೇಡಿ ಮತ್ತೆ. ಆ ಪಾರ್ಕಲ್ಲಿ ಅಪ್ಪ-ಅಮ್ಮಂದಿರಿಗೆ ಅಂತ್ಲೇ ಒಂದು ದ್ವೀಪ ಇದೆ, ಅಲ್ಲಿ ನೂರಕ್ಕೂ ಮೇಲೆ ಬಾರುಗಳು. ‘ಮಕ್ಕಳ ಖುಷಿಗೋಸ್ಕರ ಹೋದ್ವಿ’ ಅಂತ ಆಮೇಲೆ ಹೇಳ್ಕೊಳ್ಳೋಕೆ ಏನಡ್ಡಿ? ನೀವೂ ಹೇಳಿದ್ದೀರಲ್ಲ!

ಅಪ್ಪ ಹೋಮರ್ ಗೇಟಲ್ಲೇ ಬಕ್ರಾ ಆಗ್ತಾನೆ. ಪಾರ್ಕಿನ ದುಡ್ಡು ಅಂತ ಬೇರೆ ಇದೆ, ಮಾಮೂಲಿ ದುಡ್ಡಿನ ಹಾಗೇ, ಆದ್ರೆ ಮಜಾ ಜಾಸ್ತಿ ಅಂತಾರೆ. ತಗೋ, 1,100 ಡಾಲರ್ ಕೊಟ್ಟು ಕಂತೆ ಕಂತೆ ಕೊಂಡ. ಒಳಗೆ ಹೋದ್ರೆ ಅಂಗಡಿಗೊಂದು ಬೋರ್ಡು: ಈ ದುಡ್ಡು ಇಲ್ಲಿ ನಡೆಯಲ್ಲ! ನಗಬೇಡಿ. ಫುಡ್ ಫೆಸ್ಟಿವಲ್ಲಲ್ಲಿ ಉಳಿದ ಕೂಪನ್ನು ವಾಪಸ್ ತಗೊಳ್ಳಲ್ಲ ಅಂದಾಗ, ಶೀತ ಇದ್ರೂ ಮೂರನೇ ಐಸ್‌ಕ್ರೀಮು ತಿಂದವರು ಯಾರು? (ಅಂದ ಹಾಗೆ, ಈ ಪಾರ್ಕಿನ ನೆಪದಲ್ಲಿ ಡಿಸ್ನಿಲ್ಯಾಂಡನ್ನ ಇಷ್ಟೆಲ್ಲ ಆಡ್ಕೊಂಡ ಈ ಸೀರಿಯಲ್ಲು 2019ರಲ್ಲಿ ಡಿಸ್ನಿ ಕೈಗೇ ಸೇರ್ತು. ಈಗ ಡಿಸ್ನಿಗೇ ದುಡ್ಡು ಕೊಟ್ಟು ಡಿಸ್ನಿನ ನೋಡಿ ನಗ್ಬೇಕು.)

ಮಾರ್ಜ್ ಕೇಳ್ಕೊಂಡಿದ್ದು ಒಂದೇ: ನಾಲ್ಕು ಜನರೆದುರು ನನ್ನ ಮರ್ಯಾದೆ ತೆಗೀಬೇಡಿ. ಗಂಡ ಹೋಗಿ ಇಲಿ ವೇಷ ಹಾಕಿದವನಿಗೆ ಹಿಂದಿನಿಂದ ಒದ್ದ, ಮಗನೂ ತರ್ಲೆ ಮಾಡಿದ, ಸೆಕ್ಯೂರಿಟಿಯವರು ಇಬ್ಬರನ್ನೂ ಕೂಡಿ ಹಾಕಿದ್ರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಆಕೆಗೆ. ನಿಮಗೂ ಅನ್ನಿಸಿರುತ್ತೆ ಬಿಡಿ ಮೇಡಂ, ಹೋಟೆಲ್ ಬಫೆಯಲ್ಲಿ ಯಜಮಾನ್ರು ನಾಲ್ಕು ವಡೆ ಟಿಶ್ಯೂಲಿ ಸುತ್ತಿ ನಿಮ್ಮ ವ್ಯಾನಿಟಿ ಬ್ಯಾಗಿಗೆ ತುರುಕಿದಾಗ. (ಮಧ್ಯಾಹ್ನ ಅದರಲ್ಲಿ ಎರಡು ತಿಂದವರು ಯಾರು ಅಂತ ನಾನು ಕೇಳಲ್ಲ.)

ಕೊನೆಗೆ ಪಾರ್ಕಿನ ರೋಬೋಟುಗಳಿಗೆ ತಲೆ ಕೆಟ್ಟು ಜನರ ಮೇಲೇ ಬೀಳ್ತವೆ. ಕಾಪಾಡಿದ್ದೇನು ಗೊತ್ತಾ? ಕ್ಯಾಮೆರಾ ಫ್ಲಾಶು! ಪಟ್ ಅಂತ ಬೆಳಕು ಬಿದ್ರೆ ಸರ್ಕಿಟ್ಟು ಕೆಟ್ಟು ರೋಬೋಟು ಧೊಪ್. ‘ಇನ್ನೊಂದು ತೆಗಿ, ಕಣ್ಣು ಮುಚ್ಚಿದ್ದೆ’ ಅಂತ ಜೋಗದ ಎದುರು ನಿಂತು ಇಪ್ಪತ್ತು ಸಲ ತೆಗೆಸ್ಕೊಳ್ತೀರಲ್ಲ, ನಿಮ್ಮ ಕೂದಲೂ ಕೊಂಕಲ್ಲ ಅಲ್ಲಿ.

ಇಷ್ಟಾದ್ಮೇಲೆ ಎಲ್ಲರೂ ಏನಂತಾರೆ ಹೇಳಿ? ಇಂಥ ಟೂರೇ ಇನ್ನೊಂದಿಲ್ಲ ಅಂತ! ಮಾರ್ಜೂ ಒಪ್ಪಿದಳು, ಆದ್ರೆ ಈ ವಿಷಯ ಇನ್ಯಾವತ್ತೂ ಎತ್ತಬಾರದು ಅಂತ ಷರತ್ತು. ನಮ್ಮಲ್ಲಿ ನಡೆಯುತ್ತಾ ಅದು? ಮುಂದಿನ ಮದುವೆಮನೆ ಪಂಕ್ತೀಲಿ ನೀವು ಜೋಗದ ಸೊಬಗು ಹೇಳಲ್ಲ, ಸಾಗರದ ಹತ್ರ ರಾತ್ರಿ ಟೈರು ಪಂಕ್ಚರ್ ಆಗಿದ್ದನ್ನೇ ಹೇಳ್ತೀರಿ. ಪಕ್ಕದೆಲೆಯಿಂದ ನಿಮ್ಮನೆಯವರು, ‘ಸಾಗರ ಅಲ್ಲ ಕಣ್ರೀ, ತಾಳಗುಪ್ಪ. ಸ್ಟೆಪ್ನೀನೂ ತಂದಿರಲಿಲ್ಲ, ಅದನ್ನ ಹೇಳಿ ಮೊದ್ಲು’ ಅಂತಾರೆ.