ಹಕ್ಕಿ ರಾಯರು

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಕೆಲವರಿಗೆ ಹೋಮಿಯೋಪತಿ ಅಂಟಿಕೊಳ್ಳುತ್ತದೆ, ಕೆಲವರಿಗೆ ಷೇರು ಪೇಟೆ. ನಮ್ಮ ಅಪಾರ್ಟ್‌ಮೆಂಟಿನ ರಾಯರಿಗೆ ಹಕ್ಕಿ ಅಂಟಿಕೊಂಡಿತು. ಹಸಿರು ಪ್ಯಾಂಟು, ಮೈತುಂಬ ಜೇಬಿನ ಜಾಕೆಟ್ಟು, ಎಲೆ ಬಣ್ಣದ ಟೋಪಿ. ಮನುಷ್ಯ ಬಂದದ್ದು ಹಕ್ಕಿಗೆ ತಿಳಿಯಬಾರದಂತೆ. ಫಲಪುಷ್ಪ ಪ್ರದರ್ಶನದ ಜನಜಾತ್ರೆಯನ್ನೇ ಸಹಿಸಿಕೊಂಡ ಲಾಲ್‌ಬಾಗಿನ ಹಕ್ಕಿಗಳು ರಾಯರ ಪ್ಯಾಂಟಿಗೆ ಬೆದರುತ್ತವೆಯೇ ಎಂದು ಯಾರೂ ಕೇಳಲು ಹೋಗಿಲ್ಲ.

ಅವರೊಡನೆ ಕೆರೆಗೆ ಹೋದವರು ಬಾಯಿ ಬಿಡಬಾರದು. ‘ಅಲ್ನೋಡಿ, ಬೆಳ್ಳಕ್ಕಿ!’ ಎಂದಿರೋ, ಮುಗಿಯಿತು. ‘ಯಾವ ಬೆಳ್ಳಕ್ಕಿ? ಕೊಕ್ಕು ಕಪ್ಪೋ ಹಳದಿಯೋ? ಕಾಲು ಕಪ್ಪಗಿದ್ದು ಪಾದ ಮಾತ್ರ ಹಳದಿ ಇದ್ರೆ ಬೇರೆ, ದನದ ಹಿಂದೆ ಓಡಾಡೋದು ಬೇರೆ.’ ಅಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಇನ್ನು ಚಳಿಗಾಲಕ್ಕೆ ಉತ್ತರದಿಂದ ಬಂದು ಮರದ ತುದಿಯಲ್ಲಿ ಚಿಲಿಗುಟ್ಟುವ, ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಉಲಿಯಕ್ಕಿಯ ಜಾತಿ ಯಾವುದೆಂದು ಇಬ್ಬರು ರಾಯರು ವಾದಕ್ಕಿಳಿದರೆ ತಿಂಡಿ ತಣ್ಣಗಾದಂತೆಯೇ. ಒಬ್ಬರ ಕೈಯಲ್ಲಿ ಸಲೀಂ ಅಲಿ, ಇನ್ನೊಬ್ಬರ ಕೈಯಲ್ಲಿ ತೇಜಸ್ವಿಯವರ ‘ಹಕ್ಕಿಪುಕ್ಕ’. ಫೋನಿನ ಮರ್ಲಿನ್ ಆ್ಯಪ್ ಮೂರನೆಯ ಹೆಸರು ಹೇಳಿದಾಗ ಮಾತ್ರ ಇಬ್ಬರೂ ಒಂದಾಗಿ ಅದನ್ನು ಬೈಯುತ್ತಾರೆ.

ಏಪ್ರಿಲಿನಲ್ಲಿ ಕೋಗಿಲೆ ನಸುಕಿಗೇ ಶುರುವಿಟ್ಟುಕೊಂಡಾಗ ಮೂರನೇ ಮಹಡಿಯವರು ಸಂಘಕ್ಕೆ ದೂರು ಕೊಟ್ಟರು. ಉತ್ತರಿಸಲು ಎದ್ದವರು ರಾಯರು. ಹಾಗೆ ಕೂಗುವುದು ಕಪ್ಪು ಬಣ್ಣದ ಗಂಡು, ಚುಕ್ಕೆಯದು ಹೆಣ್ಣು, ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ ಎಂದೆಲ್ಲ ವಿವರಿಸಿದರು. ಹಿಂದಿನ ಸಾಲಿನಿಂದ ಅವರ ಮಡದಿ, ‘ಅಂದ್ರೆ ಗಂಡು ಕೂಗ್ತಾ ಕೂತಿರುತ್ತೆ, ಮಕ್ಕಳನ್ನ ಸಾಕೋರು ಬೇರೆಯವರು. ನಂಗೇನು ಹೊಸದಲ್ಲ ಬಿಡಿ’ ಅಂದರು. ದೂರು ಅಲ್ಲಿಗೇ ಬಿದ್ದುಹೋಯಿತು.

ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಬಂಧುಗಳೆಲ್ಲ ರಾಯರಿಗೆ ಮರದ ಗೂಡನ್ನೇ ಕೊಡುತ್ತಾರೆ. ಬಾಲ್ಕನಿಯಲ್ಲಿ ಸಾಲಾಗಿ ನೇತಾಡುವ ಅಷ್ಟೂ ಗೂಡುಗಳಲ್ಲಿ ಈಗ ಹಲ್ಲಿಗಳ ಸಂಸಾರ. ಪಾರಿವಾಳಕ್ಕೆ ಜೋಳ ಚೆಲ್ಲುವ ಎದುರು ಮನೆಯವರನ್ನು ಕಂಡರೆ ಮಾತ್ರ ರಾಯರಿಗೆ ಆಗದು. ಬೈನಾಕ್ಯುಲರ್ ಆ ಕಡೆ ತಿರುಗುತ್ತದೆ. ಎದುರು ಮನೆಯವರು ಅದಕ್ಕೆ ಬೇರೆಯೇ ಅರ್ಥ ಕಲ್ಪಿಸಿ ಪರದೆ ಹಾಕಿಸಿದ್ದಾರೆ.

ನಗುವವರು ನಗಲಿ, ಅತ್ತಿಮರದ ವಿಷಯದಲ್ಲಿ ನಾನು ರಾಯರ ಪಕ್ಷ. ಪಾರ್ಕಿಂಗಿನ ಮೇಲೆ ಚಾಚಿದ ಒಣಕೊಂಬೆಯನ್ನು ಕಡಿಸಲು ಸಂಘ ಗರಗಸದವರನ್ನು ಕರೆಸಿತ್ತು. ರಾಯರು 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರತಿ ಹಿಡಿದು ಅಡ್ಡ ನಿಂತರು.

‘ಒಣಕೊಂಬೆಗೂ ಕಾಯ್ದೆಯೇನ್ರೀ?’ ಎಂದರು ಕಾರ್ಯದರ್ಶಿಗಳು.

‘ಒಣಕೊಂಬೆಯಲ್ಲೇ ಸ್ವಾಮಿ ಕುಟ್ರು ಹಕ್ಕಿ ಪೊಟರೆ ಕೊರೆಯೋದು! ಅದು ಬಿಟ್ಟ ಮೇಲೆ ಮಡಿವಾಳ ಹಕ್ಕಿ ಬಂದ್ರೂ ಬಂತು.’

‘ಕೊಂಬೆ ಕಾರಿನ ಮೇಲೆ ಬಿದ್ರೆ?’

ರಾಯರು ಒಂದು ಕ್ಷಣ ತಡೆದು, ತಮ್ಮ ಕಾರನ್ನೇ ತಂದು ಕೊಂಬೆಯ ಕೆಳಗೆ ನಿಲ್ಲಿಸಿದರು. ಅಂದಿನಿಂದ ಅದು ಅಲ್ಲೇ ಇದೆ. ಕಾರಿನ ಬಣ್ಣ ಯಾವುದೆಂದು ಹೊಸಬರು ಹೇಳಲಾರರು. ರಾಯರು ದಿನವೂ ಬಾನೆಟ್ಟಿನ ಮೇಲೆ ಬಗ್ಗಿ, ಬಿದ್ದದ್ದರಲ್ಲಿ ಅತ್ತಿಬೀಜ ಎಷ್ಟು ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮೊನ್ನೆ ಮೈದುನನ ಮಗಳ ಮದುವೆಗೆ ಹೊರಟಾಗ ರೇಷ್ಮೆ ಸೀರೆಯುಟ್ಟ ಮಡದಿ ಕಾರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ‘ರೀ, ಆಟೋ ಕರೀರಿ’ ಅಂದರು.