ಹಗುರ ಡ್ರಮ್ಮಿನ ಭಾರ

ನಮ್ಮ ಮನ್ಮನೆ ಕಡೆ ಕೊಟ್ಟಿಗೆ ಇದ್ದಲ್ಲಿ ಗೋಬರ್ ಗ್ಯಾಸಿನ ಗುಂಡಿ ಇರಲೇಬೇಕು. ಶಿರಸಿ ಸೀಮೆಯ ಗೋಬರ್ ಗ್ಯಾಸಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2001ರಲ್ಲಿ ಪ್ರಬಂಧವನ್ನೇ ಬರೆದಿದ್ದಾರೆ. ಅವರು ನಮ್ಮ ಮನೆಯ ಗುಂಡಿಯ ಮೇಲೆ ಗ್ಯಾಸು ಹಿಡಿದಿಡುವ ಡ್ರಮ್ಮು ನೋಡದಿದ್ದದ್ದು ಸೀಮೆಯ ಪುಣ್ಯ. ಖಾದಿ ಆಯೋಗ 1962ರಲ್ಲಿ ಕೈಗೆತ್ತಿಕೊಂಡ ತೇಲುವ ಡ್ರಮ್ಮಿನ ಮಾದರಿ ಅದು, ಕಬ್ಬಿಣದ್ದು. ನಮ್ಮ ಮಳೆಗೆ ಕಬ್ಬಿಣ ಎಷ್ಟು ದಿನ ತಾಳೀತು? ತುಕ್ಕಿನ ತೂತಿನಲ್ಲಿ ಗ್ಯಾಸು ಸೋರಿ, ದೋಸೆಯ ಒಂದು ಮಗ್ಗುಲು ಬೇಯುವಷ್ಟರಲ್ಲಿ ಒಲೆ ನಂದುತ್ತಿತ್ತು. ಇನ್ನೊಂದು ಮಗ್ಗುಲನ್ನು ನಾನು ದಾಂಪತ್ಯದ ಹಿತದೃಷ್ಟಿಯಿಂದ ಹಾಗೇ ತಿನ್ನುತ್ತಿದ್ದೆ.

ಫೈಬರಿನ ಡ್ರಮ್ಮು ಹಾಕಿಸೋಣವೆಂದು ಸಿದ್ದಾಪುರದ ಹತ್ತಿರ ಶೆಡ್ ಹಾಕಿಕೊಂಡಿರುವ ನೆಂಟನ ಬಳಿ ಹೋದರೆ, "ಮಳೆಗಾಲ ಮುಗಿಯ ತನಕ ಡ್ರಮ್ಮಿನ ಸುದ್ದಿ ಎತ್ತಡ ಭಾವಾ" ಎಂದುಬಿಟ್ಟ. ಥಂಡಿಯಲ್ಲಿ ಫೈಬರಿಗೆ ಹಾಕುವ ರೆಸಿನ್ ಎಂಬ ಅಂಟು ಗಟ್ಟಿಯಾಗುವುದಿಲ್ಲವಂತೆ. ಆಷಾಢದಲ್ಲಿ ನಾನೂ ಹಾಗೆಯೇ. ಹತ್ತು ಗಂಟೆಯವರೆಗೆ ಕಂಬಳಿಯೊಳಗೇ.

ದೀಪಾವಳಿ ಕಳೆದ ಮೇಲೆ ಹೋದಾಗ ಅವನು ಹೊಸ ಅಳತೆಗೆ ಅಚ್ಚು ಮಾಡುತ್ತಿದ್ದ. ದೊಡ್ಡ ಅಚ್ಚಿನ ಕತೆಯೇ ಸುತ್ತುಬಳಸು. ಮೊದಲು ಅಷ್ಟೇ ದೊಡ್ಡ ಸುಳ್ಳು ಡ್ರಮ್ಮು, ಅದರ ಮೇಲೆ ಅಚ್ಚು, ಆಮೇಲೆ ಅಚ್ಚಿನೊಳಗೆ ನಿಜವಾದ ಡ್ರಮ್ಮು. ನೋಡುತ್ತ ಕುಳಿತವನಿಗೆ ನೆನಪಾದದ್ದು ಆಲೆಮನೆ ಕಾಲದ ತೊಡದೇವು. ಬೋರಲು ಮಡಕೆಗೆ ಎಣ್ಣೆ ಸವರುವಂತೆ ಇಲ್ಲಿ ಮೇಣ ತಿಕ್ಕುತ್ತಾರೆ, ಕಬ್ಬಿನಹಾಲಿನ ಹಿಟ್ಟು ಬಳಿಯುವಂತೆ ರೆಸಿನ್ ಬಳಿಯುತ್ತಾರೆ, ಎರಡೂ ಒಣಗಿ ಬಿಟ್ಟುಕೊಳ್ಳಬೇಕು. ಮಡಕೆಗೆ ಅಡಿಯಿಂದ ಬೆಂಕಿ ಬೇಕು. ರೆಸಿನ್ ತನ್ನಷ್ಟಕ್ಕೇ ಬಿಸಿಯಾಗುತ್ತದೆ. ಅವಸರಕ್ಕೆ ಒಂದೇ ಸಲ ದಪ್ಪಗೆ ಹೇರಿದರೆ ಕಾದು, ಸೊಟ್ಟಗಾಗಿ, ಬಿರುಕು ಬಿಡುತ್ತದೆ. ಹಾಗಾಗಿ ಗಾಜಿನ ನಾರಿನ ಮ್ಯಾಟನ್ನು ಒಂದೆರಡು ಪದರ ಹಾಸುವುದು, ರೆಸಿನ್ ಕುಡಿಸುವುದು, ರೋಲರ್ ಉರುಳಿಸಿ ಗುಳ್ಳೆ ಓಡಿಸುವುದು, ಕಾಯುವುದು. ಅಚ್ಚು ಡ್ರಮ್ಮಿಗಿಂತ ದಪ್ಪ ಇರಬೇಕು. ಕಳಚುವ ಮೊದಲೇ ಬೆನ್ನಿಗೆ ಪಟ್ಟಿ ಕೂರಿಸಿ ಬಿಗಿ ಮಾಡದಿದ್ದರೆ ಆಕಾರ ಕೆಡುತ್ತದೆ.

ರೆಸಿನ್ ಗಟ್ಟಿಯಾಗಲು ಬೆರೆಸುವ ಎರಡು ಬಾಟಲಿ ದೂರದೂರ ಇಟ್ಟಿದ್ದ: ನೇರಳೆ ಬಣ್ಣದ ಕೋಬಾಲ್ಟ್ ಶೆಡ್ಡಿನ ಈ ಮೂಲೆಗೆ, ಹಾರ್ಡನರ್ ಆ ಮೂಲೆಗೆ. ಎರಡನ್ನೂ ಬೇರೆಬೇರೆಯಾಗಿ ರೆಸಿನ್ನಿಗೆ ಕಲಸಬೇಕು; ನೇರ ಸೇರಿಸಿದರೆ ಭಗ್ಗನೆ ಹತ್ತಿಕೊಳ್ಳುತ್ತದಂತೆ. ನಮ್ಮ ಕುಟುಂಬದ ಮದುವೆ ಊಟಗಳಲ್ಲೂ ಕೆಲವರ ಎಲೆಗಳನ್ನು ಇದೇ ಅಂತರದಲ್ಲಿ ಹಾಕುವ ಪದ್ಧತಿ ಉಂಟು.

ಮ್ಯಾಟಿನ ನಾರು ನನ್ನ ಪಂಚೆಗೆ ಹತ್ತಿ ಬಸ್ಸಿನಲ್ಲಿ ಮನೆವರೆಗೂ ಬಂತು. ದಾರಿಯುದ್ದಕ್ಕೂ ಮೈ ಕೆರೆದುಕೊಂಡೆ. ಪಕ್ಕದಲ್ಲಿ ಕುಳಿತಿದ್ದವರು ಎರಡೇ ಸ್ಟಾಪಿನಲ್ಲಿ ಎದ್ದು ನಿಂತರು.

ಅಂತೂ ಡ್ರಮ್ಮು ಬಂತು. ತುಕ್ಕಿಲ್ಲ, ಇಬ್ಬರು ಎತ್ತುವಷ್ಟು ಹಗುರ. ಹಗುರ ಹೆಚ್ಚಾಗಿ ಗ್ಯಾಸಿಗೆ ಒತ್ತಡವೇ ಸಾಲದು! ಫೋನ್ ಮಾಡಿದರೆ, "ಮೇಲೆ ಕಲ್ಲು ಹೇರು ಭಾವಾ, ಎಲ್ಲರೂ ಹಂಗೇ ಮಾಡ್ತ" ಎಂದ. ಮಿಕ್ಸಿ ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಒರಳುಕಲ್ಲನ್ನು ನಟ್ಟನಡುವೆ ಕೂರಿಸಿದೆವು. ಒಲೆ ಈಗ ಭರ್ರೋ ಎನ್ನುತ್ತದೆ. ಒರಳಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ ಎಂದು ನಾನು ಬಾಯಿ ತೆಗೆದರೆ ಸಾಕು, ಹೆಂಡತಿ ತೆಂಗಿನಕಾಯಿ ಹೋಳು ಕೈಗೆ ಕೊಟ್ಟು ಗುಂಡಿಯ ಕಡೆ ಬೆರಳು ತೋರಿಸುತ್ತಾಳೆ.