ಶೋಕವೋ ಗರ್ವವೋ: ‘ಪಿಂಕ್ ಮೂನ್’ ಕೇಳುಗರ ಸ್ಥಾಯಿಭಾವ ನಿರ್ಣಯ

ವಿಷಾದದ ಹಾಡುಗಳ ಆಲ್ಬಮನ್ನು ಏಕಾಂತದಲ್ಲಿ ಕುಳಿತು ಕೇಳುವವರ ಚಿತ್ತದಲ್ಲಿ ನೆಲೆನಿಂತ ಭಾವವು, ಅಂದರೆ ಆಲಂಕಾರಿಕರು ಸ್ಥಾಯಿಭಾವವೆಂದು ಕರೆದದ್ದು, ಶೋಕವೇ ಎಂಬುದು ಲೋಕರೂಢಿಯ ಮತ. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ (1972) ಆಲ್ಬಮನ್ನು ಲಕ್ಷ್ಯವಾಗಿಟ್ಟುಕೊಂಡು ಈ ಮತವನ್ನು ಖಂಡಿಸಿ, ಶೋಕವಿದ್ದ ಪೀಠದಲ್ಲಿ ಗರ್ವವನ್ನು ಪ್ರತಿಷ್ಠಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಗರ್ವವನ್ನು ನಾಟ್ಯಶಾಸ್ತ್ರಕಾರ ಭರತನು 33 ಸಂಚಾರಿಭಾವಗಳಲ್ಲಿ, ಎಂದರೆ ಬಂದುಹೋಗುವ ಭಾವಗಳ ಸಾಲಿನಲ್ಲಿ, ಎಣಿಸಿರುವನಲ್ಲಾ ಎಂಬ ಆಕ್ಷೇಪ ಏಳಬಹುದು. ಭರತನ ಕಾಲಕ್ಕೆ ಹೆಡ್‌ಫೋನ್ ಇರಲಿಲ್ಲವೆಂಬುದೇ ಅದಕ್ಕೆ ಸಮಾಧಾನ.

ಮೊದಲು ವಿಭಾವ, ಅಂದರೆ ಭಾವ ಹುಟ್ಟಲು ಕಾರಣವಾದ ಸಾಮಗ್ರಿ. 1969ರ ಮತ್ತು 1971ರ ಆಲ್ಬಮುಗಳಲ್ಲಿ ತಂತಿವಾದ್ಯಗಳ ಮೇಳವನ್ನೂ ಸಹವಾದಕರನ್ನೂ ಇಟ್ಟುಕೊಂಡಿದ್ದ ಡ್ರೇಕ್, ಅವು ಮಾರಾಟವಾಗದೆ ಉಳಿದ ಮೇಲೆ, 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ, ಧ್ವನಿಮುದ್ರಕ ಜಾನ್ ವುಡ್ ಒಬ್ಬನನ್ನು ಜೊತೆಗಿಟ್ಟುಕೊಂಡು ಎರಡು ರಾತ್ರಿಗಳಲ್ಲಿ ಈ 11 ರಚನೆಗಳನ್ನು ಮುಗಿಸಿದನು. ಕಂಠ ಮತ್ತು ಗಿಟಾರು ಬಿಟ್ಟರೆ, ಶೀರ್ಷಿಕೆಯ ಹಾಡಿನಲ್ಲಿ ತುಸು ಪಿಯಾನೊ ಸುಳಿದುಹೋಗುತ್ತದೆ, ಅಷ್ಟೇ. ಒಟ್ಟು ಅವಧಿ ಸುಮಾರು 28 ನಿಮಿಷ. ಶೋಕದಿಂದ ಹುಟ್ಟುವ ಕರುಣರಸದ ನಿಷ್ಪತ್ತಿಗೆ ಇದು ಸಾಲದೆಂಬ ಕಾರಣಕ್ಕೋ ಏನೋ, ಕೇಳುಗರು ಮುಗಿದೊಡನೆ ಮತ್ತೆ ಮೊದಲಿನಿಂದ ಹಾಕುವುದು ವಾಡಿಕೆ. ಧ್ವನಿಮುದ್ರಿಕೆಯನ್ನು ಡ್ರೇಕ್ ತನ್ನ ಆಲ್ಬಮು ಹೊರತರುವ ಕಂಪನಿಯ ಸ್ವಾಗತದ ಮೇಜಿನ ಮೇಲಿಟ್ಟು ಮಾತಿಲ್ಲದೆ ಹೊರಟುಹೋದನೆಂಬ ಐತಿಹ್ಯದ ಸತ್ಯಾಸತ್ಯತೆ ವಿವಾದಾಸ್ಪದವಾಗಿದ್ದರೂ, ಕೇಳುಗರು ಅದನ್ನು ಎದುರಿನ ಸೋಫಾದಲ್ಲಿ ಕುಳಿತು ಕಂಡವರಂತೆಯೇ ವರ್ಣಿಸುತ್ತಾರೆ.

1974ರ ನವೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ, ಆತ ಟ್ಯಾನ್‌ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯ ತಂದೆತಾಯಿಯರ ಮನೆಯಲ್ಲಿ ತೀರಿಕೊಂಡನು. ಆ ಸಾವು ನಿಜವಾದ ದುಃಖವಾದ್ದರಿಂದ ಅದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು. ವ್ಯಾಪ್ತಿಗೆ ಒಳಪಡುವುದು, ಅಂದಿನಿಂದ ಪ್ರತಿಯೊಂದು ಹಾಡನ್ನೂ ಆ ನವೆಂಬರಿನಿಂದ ಹಿಂದಕ್ಕೆ ಕೇಳಿಕೊಂಡು ಬರುವ ಪದ್ಧತಿ. ವಯಸ್ಕನಾದ ಡ್ರೇಕ್‌ನ ಚಲನಚಿತ್ರ ತುಣುಕು ಯಾವುದೂ ಉಳಿದಿಲ್ಲ, ಸಂದರ್ಶನಗಳಂತೂ ಇಲ್ಲವೆನ್ನುವಷ್ಟು ವಿರಳ. ಆದಕಾರಣ ಅವನ ಜಾಗದಲ್ಲಿ ತನ್ನನ್ನೇ ಕೂರಿಸಿಕೊಳ್ಳಲು ಕೇಳುಗನಿಗೆ ಅಡ್ಡಿಯಿಲ್ಲ. ಒಬ್ಬರ ಭಾವ ಎಲ್ಲರದೂ ಆಗುವ ಕ್ರಿಯೆಯನ್ನು ಆಲಂಕಾರಿಕ ಭಟ್ಟನಾಯಕನು ಸಾಧಾರಣೀಕರಣವೆಂದನು. ಇಲ್ಲಿ ಎಲ್ಲರ ಕೈಗೂ ಸಿಗುವ ಆಲ್ಬಮು ತನ್ನೊಬ್ಬನದಾಗುವುದರಿಂದ ಇದನ್ನು ಅಸಾಧಾರಣೀಕರಣವೆನ್ನಬೇಕು. ಭಾರತೀಯ ಕೇಳುಗರಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗುವ ಸಂಭವವುಂಟು: ಡ್ರೇಕ್ ರಂಗೂನಿನಲ್ಲಿ ಹುಟ್ಟಿದವನು, ಅವನ ತಂದೆ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನ ಎಂಜಿನಿಯರು ಎಂದು ತಿಳಿದ ಕ್ಷಣವೇ ‘ನಮ್ಮ ಕಡೆಯ ಹುಡುಗ’ ಎಂಬ ಬಾಂಧವ್ಯ ಸ್ಥಾಪನೆಯಾಗಿಬಿಡುತ್ತದೆ.

ಇನ್ನು ಸಾತ್ತ್ವಿಕಭಾವಗಳು, ಅಂದರೆ ಮನಸ್ಸಿನ ಕಲಕುವಿಕೆ ತಾನಾಗಿ ಮೈಮೇಲೆ ತೋರಿಬರುವ ಎಂಟು ಲಕ್ಷಣಗಳು. ಆಲ್ಬಮು ನಡೆಯುತ್ತಿರುವಾಗ ಇವುಗಳಲ್ಲಿ ಸ್ತಂಭವೊಂದು, ಎಂದರೆ ಅಲುಗಾಡದೆ ಕುಳಿತಿರುವುದು, ನಿರ್ವಿವಾದವಾಗಿ ಕಾಣಸಿಗುತ್ತದೆ. ಆದರೆ ರಾತ್ರಿಯ ಹೊತ್ತಾದ್ದರಿಂದ ಅದನ್ನು ನಿದ್ರೆಯೆಂಬ ಸಂಚಾರಿಯಿಂದ ಬೇರ್ಪಡಿಸುವುದು ಸುಲಭವಲ್ಲ. ಅಶ್ರುವಿನ ವಿಷಯದಲ್ಲಿ ಪ್ರತ್ಯಕ್ಷ ಪ್ರಮಾಣಕ್ಕಿಂತ ಶಬ್ದಪ್ರಮಾಣ, ಅಂದರೆ ಅತ್ತೆವೆಂಬ ಹೇಳಿಕೆ, ಹೇರಳ. ಉಳಿದವು ಒಟ್ಟಾಗಿ ಉಕ್ಕುವುದು ಬೇರೊಬ್ಬನು ಬಂದು ‘ಈ ಹಾಡು ಗೊತ್ತು, ಕಾರಿನ ಜಾಹೀರಾತಿನದಲ್ಲವೇ?’ ಎಂದಾಗ. ಆಗ ಕೇಳುಗನ ಮುಖ ಬಣ್ಣಗೆಡುತ್ತದೆ (ವೈವರ್ಣ್ಯ), ಮಾತು ತಡವರಿಸುತ್ತದೆ (ಸ್ವರಭೇದ), ಹಣೆ ಬೆವರುತ್ತದೆ (ಸ್ವೇದ). ಶೋಕವೇ ಸ್ಥಾಯಿಯಾಗಿದ್ದರೆ ಹಂಚಿಕೊಳ್ಳಲು ಇನ್ನೊಬ್ಬ ದೊರೆತನೆಂದು ಅದು ಹಗುರವಾಗಬೇಕಿತ್ತು. ಬದಲಿಗೆ, ‘ನಿಕ್ ಡ್ರೇಕ್ ಯಾರು?’ ಎಂದು ಕೇಳುವವನು ಎದುರಾದಾಗ ಅದೇ ಕೇಳುಗನಲ್ಲಿ ಹರ್ಷವೂ, ಆ ಹರ್ಷವನ್ನು ಮರೆಮಾಚುವ ಅವಹಿತ್ಥವೂ ಏಕಕಾಲದಲ್ಲಿ ಮೂಡುತ್ತವೆ. ಗರ್ವದ ಸ್ಥಾಯಿತ್ವ ಇದರಿಂದ ಸಿದ್ಧ.

ಮೇಲೆ ಹೇಳಿದ ಜಾಹೀರಾತು 1999ರ ಕೊನೆಯಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಫೋಕ್ಸ್‌ವ್ಯಾಗನ್ ಕಾರಿಗಾಗಿ ಬಂದದ್ದು. ಶೀರ್ಷಿಕೆಯ ಹಾಡು ಅದರ ಹಿನ್ನೆಲೆಯಲ್ಲಿತ್ತು. ಗಾಯಕನ ಜೀವಿತದಲ್ಲಿ ಯಾರೂ ಹೆಚ್ಚಾಗಿ ಕೊಳ್ಳದ ಆಲ್ಬಮಿನ ಮಾರಾಟ ಅದರಿಂದ ಒಮ್ಮೆಗೇ ಏರಿತು. ಅಂದಿನಿಂದ ಕೇಳುಗರಲ್ಲಿ ಜಾಹೀರಾತಿಗೆ ಮುಂಚಿನ ಪ್ರಾಚೀನರು ಮತ್ತು ಅನಂತರದ ನವೀನರು ಎಂಬ ಎರಡು ಪಕ್ಷಗಳಾಗಿವೆ. ಕಾರು ಮಾರುವ ಹಾಡು ಕೇಳಿ ಬಂದವನು ಸಹೃದಯನಾಗಲಾರನೆಂಬುದು ಪ್ರಾಚೀನರ ವಾದ. ಈ ವಾದಕ್ಕೆ ತೊಡಕಾಗಿರುವುದು ಆ ಜಾಹೀರಾತೇ: ಅದರಲ್ಲಿ ನಾಲ್ವರು ತರುಣ ತರುಣಿಯರು ಬೆಳದಿಂಗಳಲ್ಲಿ ಕಾರಿನಲ್ಲಿ ಪಾರ್ಟಿಯೊಂದಕ್ಕೆ ಹೊರಟು, ಮನೆಯೆದುರು ಬಂದು ಅಲ್ಲಿನ ಗದ್ದಲ ಕಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾರಿನಿಂದ ಇಳಿಯುವ ಗೊಡವೆಯೇ ಬೇಡವೆಂದು ಮರಳಿ ರಸ್ತೆಗೆ ಹೋಗಿಬಿಡುತ್ತಾರೆ. ಪ್ರಾಚೀನರಲ್ಲಿ ಯಾರಿಗೇ ಆದರೂ ಪಾರ್ಟಿಯ ಆಹ್ವಾನ ಬಂದಿದ್ದರೆ ಮಾಡುತ್ತಿದ್ದದ್ದೂ ಇದೇ ಆದ್ದರಿಂದ, ಆ ನಾಲ್ವರನ್ನು ಸಹೃದಯರ ಪಟ್ಟಿಯಿಂದ ಹೊರಗಿಡಲು ಅವರು ಇನ್ನೂ ಹೇತು ಹುಡುಕುತ್ತಿದ್ದಾರೆ. ಸದ್ಯಕ್ಕೆ ಮುಂದಿಟ್ಟಿರುವುದು, ಕಾರಿನಲ್ಲಿದ್ದವರು ಒಬ್ಬರಲ್ಲ, ನಾಲ್ವರು ಎಂಬ ದೋಷವನ್ನು.